ಬಾನೆಟ್ಟಿನೊಳಗಿನ ಟೊಕ್ ಟೊಕ್

ಮೂವತ್ತೊಂದು ವರ್ಷದ ತಾಕ್ ಮಿನ್‌ಗು ಕೊರಿಯಾದ ಮೊಕ್ಪೊ ಬಂದರಿನ ಹಿಂದಿನ ಓಣಿಯಲ್ಲಿ, ಓಕ್ ಯಜಮಾನರ ಗ್ಯಾರೇಜಿನಲ್ಲಿ ಸಂಬಳಕ್ಕಿದ್ದ. ತನ್ನಲ್ಲಿ ಹೆಮ್ಮೆಪಡುವಂಥವು ಎರಡಿವೆ ಎಂದು ಅವನ ನಂಬಿಕೆ. ಒಂದು, ಅವನ ಕಿವಿ. ಇನ್ನೊಂದನ್ನು ಇನ್ನೂ ಹುಡುಕುತ್ತಿದ್ದ.

ಕಿವಿ ಮಾತ್ರ ನಿಜಕ್ಕೂ ಚುರುಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದನೆಂದರೆ, ಬೆಲ್ಟು ಸವೆದಿದೆಯೋ ಬೇರಿಂಗು ಹೋಗಿದೆಯೋ ಹೇಳಿಬಿಡುತ್ತಿದ್ದ. ಸೂಟು ತೊಟ್ಟ ಬ್ಯಾಂಕ್ ಮ್ಯಾನೇಜರರೂ ಅವನೆದುರು ಕೆನ್ನೆ ಉಬ್ಬಿಸಿ 'ಗುರ್ರ್... ಕೀಚ್' ಎಂದು ಕಾರಿನ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕಿತ್ತು. "ಕೀಚ್ ಉದ್ದಕ್ಕೆ ಬರುತ್ತಾ ಸಾರ್, ಗಿಡ್ಡಕ್ಕಾ?" ಎಂದು ಮಿನ್‌ಗು ಡಾಕ್ಟರರ ಹಾಗೆ ಕೇಳುತ್ತಿದ್ದ. ಬೆಳಗಿನ ಅಲಾರಾಂ ಮಾತ್ರ ಆ ಕಿವಿಗೆ ಒಂದು ದಿನವೂ ಬಿದ್ದಿರಲಿಲ್ಲ.

ಆ ಕಿವಿಯ ಮಾನ ಕಳೆಯಲೆಂದೇ ಬಂದ ಹಾಗೆ ಬಂದವಳು ಮಾ ಸುನ್‌ದೊಕ್. ಅರವತ್ತೆರಡರ ಹೆಂಗಸು. ಮನೆಯಲ್ಲೇ ಕಿಮ್ಚಿ, ಪಲ್ಯ ಮಾಡಿ, ಡಬ್ಬಿ ತುಂಬಿ ಊರೆಲ್ಲ ತಲುಪಿಸುವವಳು. ಏಳನೇ ಸಲಕ್ಕೆ ಲೈಸೆನ್ಸ್ ಪರೀಕ್ಷೆ ಪಾಸಾಗಿ, ಹಳೆಯ ಪುಟ್ಟ ಬಿಳಿ ಕಾರೊಂದನ್ನು ಕೊಂಡಿದ್ದಳು.

"ಟೊಕ್ ಟೊಕ್ ಅನ್ನುತ್ತಪ್ಪ. ಮೀನು ಮಾರ್ಕೆಟ್ಟಿನ ಗುಂಡಿ ರಸ್ತೆ ದಾಟಿದ ಕೂಡ್ಲೇ ಶುರು."

ಸದ್ದು ಬಂದರೆ ಎಂಜಿನ್ ಸಿಡಿಯುತ್ತದೆಂದು ಅವಳಿಗೆ ಭಯ. ಓಣಿಯ ಬಾಯಲ್ಲೇ ಕಾರು ಆರಿಸಿ ಕೂಗುತ್ತಿದ್ದಳು. ಮಿನ್‌ಗು ತಳ್ಳಿಕೊಂಡು ಒಳಗೆ ತರುತ್ತಿದ್ದ. ಎರಡು ಸಲ ಹಾಗೆ ತಂದ. ಎರಡು ಸಲವೂ ಗ್ಯಾರೇಜಿನಲ್ಲಿ ಕಾರು ಸಾಕಿದ ಬೆಕ್ಕಿನ ಹಾಗೆ ಗುರುಗುಟ್ಟಿತೇ ಹೊರತು ಟೊಕ್ ಅನ್ನಲಿಲ್ಲ.

ಮೂರನೇ ಸಲ ಬಂದಾಗ ಅವಳ ಮುಖ ಸಣ್ಣಗಾಗಿತ್ತು.

"ಇವತ್ತು ಸಂಜೆ ಐದಕ್ಕೆ ನನ್ನ ಮಗ ಕಾರು ಕೊಳ್ಳೋರನ್ನ ಇಲ್ಲಿಗೇ ಕರ್ಕೊಂಡು ಬರ್ತಾನಂತೆ. ಎಂಜಿನ್ ಹೋಗಿದೆ, ಮಾರಿಬಿಡು ಅಂತ ಒಂದೇ ಹಟ. ನೀನು ಸದ್ದು ಹಿಡಿದ್ರೆ ಕಾರು ನಂದು. ಇಲ್ದಿದ್ರೆ ಮತ್ತೆ ಡಬ್ಬಿ ಹೊತ್ಕೊಂಡು ಬಸ್ಸೇ ಗತಿ."

"ಹಿಡೀತೀನಮ್ಮ."

"ಹೋದ ಸಲಾನೂ ಹಂಗೇ ಅಂದಿದ್ದೆ."

ಬಾನೆಟ್ ಎತ್ತಿದ. ಬ್ಯಾಟರಿಯ ಪಕ್ಕ, ಬಿಳಿ ನೂಲು ಸುತ್ತಿದ ಇಡೀ ಒಣಮೀನೊಂದು ಬಾಯಿ ತೆರೆದುಕೊಂಡು ಮಲಗಿತ್ತು. ಕಾರು ಕೊಂಡ ದಿನ ಸುನ್‌ದೊಕ್‌ಳ ಅಕ್ಕ ಗಾಲಿಗಳಿಗೆ ಅಕ್ಕಿಯ ಹೆಂಡ ಹೊಯ್ದು, ಅಪಘಾತವಾಗದಿರಲಿ ಎಂದು ಇಟ್ಟದ್ದು. ಇಂಥ ಮೀನಿನ ವಿಷಯದಲ್ಲಿ ಓಕ್ ಯಜಮಾನರು ಬಲು ಕಟ್ಟುನಿಟ್ಟು. ರೆಂಚು ಮುಟ್ಟುವ ಮೊದಲು ಅದನ್ನು ಎರಡೂ ಕೈಯಲ್ಲಿ ಎತ್ತಿ, ಕಪಾಟಿನಲ್ಲಿ ಶುಭ್ರ ಕಾಗದದ ಮೇಲಿಡಬೇಕು. ಕೆಲಸ ಮುಗಿದ ಮೇಲೆ ಅದರ ಜಾಗದಲ್ಲೇ ನೆಟ್ಟಗೆ ಕೂರಿಸಬೇಕು. ಮಿನ್‌ಗು ಎತ್ತಿಟ್ಟು ತಲೆಬಾಗಿದ.

ಆಮೇಲೆ ಸ್ಕ್ರೂಡ್ರೈವರನ್ನು ಎಂಟು ಕಡೆ ಊರಿ ಆಲಿಸಿದ. ಕೆಳಗೆ ನುಸುಳಿ ಎಂಜಿನ್ನನ್ನು ಹೊತ್ತ ರಬ್ಬರುಗಳನ್ನು ಅಲುಗಾಡಿಸಿ ನೋಡಿದ. ಸುನ್‌ದೊಕ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಂಡಿ ರಸ್ತೆಯಲ್ಲಿ ಮೂರು ಸುತ್ತು ಹೊಡೆದ. ಟೊಕ್ ಎಂಬುದರ ಸುಳಿವೇ ಇಲ್ಲ. ಗಂಟೆ ನಾಲ್ಕೂಮುಕ್ಕಾಲು.

"ಅಮ್ಮಾ, ನಿಮ್ಮ ಕಿವೀಲೇ ಏನಾದ್ರೂ..."

"ಏನೋ, ಈಗ ನನ್ನ ಕಿವಿಗೂ ಸ್ಕ್ರೂಡ್ರೈವರ್ ಹಾಕ್ತೀಯಾ?"

ವಾಪಸ್ಸು ಬಂದಾಗ ಗ್ಯಾರೇಜಿನ ಬಾಗಿಲಲ್ಲಿ ಓಕ್ ಯಜಮಾನರು ಮೀನು ಹಿಡಿದು ಕೆಂಡವಾಗಿ ನಿಂತಿದ್ದರು.

"ಲೇ ಗೂಬೆ! ಮೀನು ಇಲ್ಲೇ ಬಿಟ್ಟು ರಸ್ತೆಗಿಳಿದ್ಯಲ್ಲೋ! ಹೆಚ್ಚುಕಮ್ಮಿ ಆಗಿದ್ರೆ ಯಾರೋ ಜವಾಬ್ದಾರಿ?"

ಮಿನ್‌ಗು ಗಾಬರಿಯಲ್ಲಿ ಮೀನನ್ನು ಅಡ್ಡಾದಿಡ್ಡಿ ತುರುಕಿ, ಬಾನೆಟ್ ಮುಚ್ಚಿ, ಕೊನೆಯದಾಗಿ ಒಂದು ಸುತ್ತು ನೋಡೋಣವೆಂದು ಕಾರನ್ನು ಹಿಂದಕ್ಕೆ ತೆಗೆದ.

ಟೊಕ್. ಟೊಕ್ ಟೊಕ್.

"ಬಂತು!" ಸುನ್‌ದೊಕ್ ಸೀಟಿನಲ್ಲೇ ಕುಣಿದಳು. "ಕೇಳಿಸ್ತಾ? ನಾನೇನು ಸುಳ್ಳುಗಾತೀನಾ?"

ಮಿನ್‌ಗು ಎಂಜಿನ್ ಆರಿಸದೆ ಇಳಿದು ಬಾನೆಟ್ ಎತ್ತಿದ. ಅಭ್ಯಾಸಬಲದಿಂದ ಮೀನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಸದ್ದು ನಿಂತಿತು. ವಾಪಸ್ಸಿಟ್ಟ. ಟೊಕ್. ಎತ್ತಿದ. ಮೌನ. ಕೊರಡಿನಂಥ ಮೀನಿನ ತಲೆ ಎಂಜಿನ್ನಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಬಡಿಯುತ್ತಿತ್ತು. ದಿನವೂ ಗುಂಡಿ ರಸ್ತೆಯಲ್ಲಿ ಜಾರುತ್ತಿದ್ದದ್ದು ಇವತ್ತು ಅವಸರದಲ್ಲಿ ತುರುಕಿದ್ದಕ್ಕೆ ಇಲ್ಲೇ ಶುರುವಿಟ್ಟುಕೊಂಡಿತ್ತು. ಮೂರು ಸಲವೂ ರೋಗವನ್ನು ಭಕ್ತಿಯಿಂದ ಎತ್ತಿ ಕಪಾಟಿನಲ್ಲಿಟ್ಟು, ಅದಕ್ಕೆ ತಲೆಬಾಗಿ, ಆಮೇಲೆ ರೋಗ ಹುಡುಕಲು ಹೊರಟ ಮಹಾಶಯ ತಾನೇ ಎಂದು ಮಿನ್‌ಗುವಿಗೆ ಹೊಳೆದಾಗ ಕಿವಿಗಳೆರಡೂ ಕೆಂಪಾದವು.

ಸುನ್‌ದೊಕ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊರಳಿನ ಸ್ಕಾರ್ಫ್ ಬಿಚ್ಚಿ ಮೀನಿಗೆ ಸುತ್ತಿ, ಯಜಮಾನರ ಒಪ್ಪಿಗೆ ಪಡೆದು ಡಿಕ್ಕಿಯಲ್ಲಿ ಬೆಚ್ಚಗೆ ಮಲಗಿಸಿದಳು.

ಐದಕ್ಕೆ ಸರಿಯಾಗಿ ಮಗ, ಕಾರು ಕೊಳ್ಳುವವನ ಜೊತೆ ಬಂದ.

"ಕಾರು ಮಾರಲ್ಲಪ್ಪ," ಎಂದಳು ಸುನ್‌ದೊಕ್, ಸ್ಟಿಯರಿಂಗ್ ಹಿಡಿದು ಕೂತು. "ಪಾಪ, ಸುಮ್ನೆ ದೂರದಿಂದ ಬಂದ್ರಿ. ಬಸ್ ಸ್ಟ್ಯಾಂಡಿಗೆ ಬಿಡ್ತೀನಿ, ಹತ್ತಿ. ಲೋ ಮಗಾ, ನೀನೂ ಹತ್ತು."

"ನಾನು ನಡ್ಕೊಂಡೇ ಬರ್ತೀನಮ್ಮ," ಎಂದ ಮಗ.

ಕಾರು ಓಣಿಯ ತಿರುವು ದಾಟುವವರೆಗೂ ಮಿನ್‌ಗು ಕಿವಿಗೊಟ್ಟು ನಿಂತ. ಎಂಜಿನ್ನಿನದು ಚೊಕ್ಕ ಸದ್ದು. ಅದನ್ನು ಮೀರಿ ಕೇಳಿಸಿದ್ದು ಕಾರು ಕೊಳ್ಳಬಂದವನ ದನಿಯೊಂದೇ: "ಬ್ರೇಕು! ಅಮ್ಮಾ, ಬ್ರೇಕು!"