ಹನ್ನೊಂದು ವರ್ಷ ನೋಡದ ಸಮುದ್ರ

ಸರ್ಕಾರಿ ಬಸ್ಸಿನ ಚಾಲಕನಾಗಿ ನಾನು ಬೈಲಹೊಂಗಲದಿಂದ ಕರಾವಳಿಯ ಒಂದು ಸಣ್ಣ ಊರಿಗೆ ಹನ್ನೊಂದು ವರ್ಷ ಗಾಡಿ ಓಡಿಸಿದೆ. ಧಾರವಾಡ, ಕಲಘಟಗಿ, ಯಲ್ಲಾಪುರ, ಆಮೇಲೆ ಘಟ್ಟ ಇಳಿದು ಅಂಕೋಲೆ, ಅಲ್ಲಿಂದ ಇನ್ನಷ್ಟು ದೂರ. ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಬೆಳಿಗ್ಗೆ ಐದೂವರೆಗೆ ಮತ್ತೆ ಹೊರಡಬೇಕು. ನಿಲ್ದಾಣದ ಹಿಂದೆ ಸಿಬ್ಬಂದಿಗೆಂದು ಒಂದು ಕೋಣೆ ಇತ್ತು. ಉಂಡು ಅಲ್ಲೇ ಮಲಗುತ್ತಿದ್ದೆ. ಸಮುದ್ರ ಅಲ್ಲಿಂದ ಎರಡು ಕಿಲೋಮೀಟರ್ ಎಂದು ಜನ ಹೇಳುತ್ತಿದ್ದರು. ಗಾಳಿ ಈ ಕಡೆ ತಿರುಗಿದರೆ ಸದ್ದೂ ಕೇಳಿಸುತ್ತಿತ್ತು. ಆದರೂ ಆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನಾನು ಅದರ ದಂಡೆಗೆ ಹೋಗಲಿಲ್ಲ.

ಮನೆಯಲ್ಲಿ ಮಾತ್ರ ಹೋಗಿದ್ದೆ ಎಂದು ಹೇಳಿದ್ದೆ.

ಮೊದಲ ಸಲ ಹೋಗಿ ಬಂದ ದಿನ, ಸಂಪಗಾಂವದ ನಮ್ಮ ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತ ಕೇಳಿದ್ದಳು, "ಸಮುದ್ರ ಹೆಂಗೈತ್ರಿ?" ಅವಳ ತವರು ಮುನವಳ್ಳಿ. ಅಣೆಕಟ್ಟಿನ ನೀರು ನೋಡಿ ಬೆಳೆದವಳು, ಅದಕ್ಕಿಂತ ದೊಡ್ಡದು ಹೇಗಿರುತ್ತದೆ ಎಂಬ ಆಸೆ ಅವಳ ಮುಖದಲ್ಲಿತ್ತು. ನೋಡಲಿಲ್ಲ ಎನ್ನಲು ನಾಚಿಕೆಯಾಯಿತು. ಆ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕೇಳಿದ್ದನ್ನೇ ನಾನು ಕಂಡಂತೆ ಹೇಳಿದೆ. ಮರುವಾರ ಮತ್ತೆ ಕೇಳಿದಳು. ಹೀಗೆ ಒಂದೊಂದೇ ಸೇರುತ್ತ ಹೋಯಿತು. ದೀಪಸ್ತಂಭ ಹತ್ತಿದ್ದು, ನದಿ ಸಮುದ್ರಕ್ಕೆ ಸೇರುವಲ್ಲಿ ದೋಣಿಯಲ್ಲಿ ಕುಳಿತದ್ದು, ಆನೆಯಂಥ ಬಂಡೆ, ದಂಡೆಯ ಮೇಲೆ ಕೋಕಂ ಶರಬತ್ತು ಮಾರುವ ಅಜ್ಜಿ. ಆ ಅಜ್ಜಿಯನ್ನು ಪೂರ್ತಿ ನಾನೇ ಹುಟ್ಟಿಸಿದ್ದೆ.

ಆಮೇಲೆ ಕೆಲವು ವರ್ಷ ಪಂಢರಪುರ, ಸೊಲ್ಲಾಪುರದ ಗಾಡಿ ಓಡಿಸಿದೆ. ಈಗ ನಿವೃತ್ತಿಯಾಗಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಸುಕಿನಲ್ಲೇ ಎದ್ದು ಅಂಗಳದಲ್ಲಿ ಆ ಕಡೆ ಈ ಕಡೆ ತಿರುಗುತ್ತಿದ್ದೆ. ಅದನ್ನು ನೋಡಿ ನೋಡಿ ಸಾಕಾಗಿ ಹೆಂಡತಿ ಒಂದು ದಿನ ಹೇಳಿದಳು:

"ಹಿಂಗ ತಿರಗೂದಕ್ಕಿಂತ ನನ್ನ ಕರಕೊಂಡು ಸಮುದ್ರಕ್ಕರ ನಡೀರಿ. ನಿಮಗ ಎಲ್ಲಾ ಗೊತ್ತೈತಿ. ಯಾರನ್ನೂ ಕೇಳೂದ ಬ್ಯಾಡ."

ಬೇಡವೆನ್ನಲು ಒಂದು ಕಾರಣವೂ ಹೊಳೆಯಲಿಲ್ಲ.

ಬಸ್ಸಿನಲ್ಲಿ ನನ್ನ ಹಳೆಯ ದಾರಿಯಲ್ಲಿ ನಾನು ಮೊದಲ ಸಲ ಪ್ರಯಾಣಿಕನಾಗಿ ಕುಳಿತೆ. ಘಟ್ಟದ ಪ್ರತಿ ತಿರುವಿನಲ್ಲೂ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಹೆಂಡತಿ ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ಸುಮ್ಮ ಕುಂದರ್ರಿ, ಅಂವಾ ಹೊಡೀತಾನ," ಎಂದಳು. ಆಮೇಲೆ ಬೆರಳು ಮಡಚಿ ಎಣಿಸತೊಡಗಿದಳು. "ಮೊದಲ ದೀಪದ ಕಂಬ. ಆಮ್ಯಾಲ ದೋಣಿ. ಆ ಅಜ್ಜಿ ಇನ್ನೂ ಅದಾಳೇನ್ರಿ?"

"ವಯಸ್ಸಾಗಿತ್ತು," ಎಂದೆ.

"ಅಯ್ಯೋ ಪಾಪ," ಎಂದು ಅವಳು ಕಿಟಕಿಯಾಚೆ ನೋಡಿದಳು.

ಊರು ಮುಟ್ಟಿ, ಲಾಡ್ಜಿನಲ್ಲಿ ಅವಳನ್ನು ಬಿಟ್ಟು, ಹಲ್ಲುಪುಡಿ ತರುತ್ತೇನೆಂದು ಹೊರಗೆ ಬಂದೆ. ಚಹಾದಂಗಡಿಯವನು ಸಿಕ್ಕರೆ ದಾರಿಯೆಲ್ಲ ಕೇಳಿ ತಲೆಯಲ್ಲಿ ಇಟ್ಟುಕೊಳ್ಳುವ ಯೋಚನೆ. ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ರಿಪೇರಿಯ ಮಳಿಗೆ ಎದ್ದಿತ್ತು. ಅಲ್ಲಿದ್ದವನು ಒಂದು ಫೋನು ಬಿಚ್ಚಿಟ್ಟುಕೊಂಡಿದ್ದ. ಸಮುದ್ರ ಎಲ್ಲಿ ಎಂದು ಕೇಳಿದರೆ ತಲೆ ಎತ್ತದೆ ಪಶ್ಚಿಮಕ್ಕೆ ಕೈ ತೋರಿಸಿದ. ಇಷ್ಟೇ ಗೊತ್ತಾಯಿತು. ಹಲ್ಲುಪುಡಿ ಮರೆತು ವಾಪಸು ಬಂದೆ.

ಬೆಳಿಗ್ಗೆ ತಿಂಡಿ ಮುಗಿಸಿ ಹೊರಟೆವು. ಗೊತ್ತಿದ್ದವನ ಹಾಗೆ ನಾನು ಮುಂದೆ, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಅವಳು ಹಿಂದೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಡೆದರೆ ಸಮುದ್ರ ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದೆ. ಎರಡು ಓಣಿ ದಾಟಿದ ಮೇಲೆ ದಾರಿ ತಿರುಗಿತು, ಮತ್ತೊಮ್ಮೆ ತಿರುಗಿತು, ಕೊನೆಗೆ ನೇರ ಮೀನು ಪೇಟೆಯೊಳಗೆ ಹೋಗಿ ನಿಂತಿತು. ಹುಟ್ಟಿದಾಗಿನಿಂದ ಮೀನಿನ ಹತ್ತಿರ ಸುಳಿಯದ ನನ್ನ ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನಾನು ಹೊರದಾರಿ ಹುಡುಕುತ್ತ ಒಂದೇ ಸಾಲನ್ನು ಮೂರು ಸಲ ಸುತ್ತಿದೆ. ಬುಟ್ಟಿಯ ಮುಂದೆ ಕುಳಿತ ಹೆಂಗಸೊಬ್ಬಳು ನಗುತ್ತ ಕೇಳಿದಳು:

"ಎಲ್ಲಿಗೆ ಹೋಗೂದ್ರಾ?"

"ಸಮುದ್ರಕ್ಕ."

"ಈ ದಾರಿ ಅಲ್ರಾ. ಹಿಂದೆ ಹೋಗಿ ಎಡಕ್ಕೆ ಹೊಡೀರಿ. ಊರಿಗೆ ಹೊಸಬ್ರಾ?"

ನನ್ನ ಹೆಂಡತಿ ಸೆರಗು ತೆಗೆದು, "ಇಲ್ರೀ, ಹನ್ನೊಂದು ವರ್ಷ ಬಂದು ಹೋಗ್ಯಾರ," ಎಂದಳು. ಮೀನಿನ ಹೆಂಗಸು ನನ್ನನ್ನು ನೋಡಿದಳು. ನಾನು ಬೇಗಬೇಗ ಹೆಜ್ಜೆ ಹಾಕಿದೆ.

ಮುಖ್ಯ ರಸ್ತೆಗೆ ಬಂದ ಮೇಲೆ ಒಂದು ರಿಕ್ಷಾ ನಿಲ್ಲಿಸಿದೆ. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ದೀಪದ ಕಂಬಕ್ಕ ಬಿಡ್ರಿ," ಎಂದಳು.

"ದೀಪಸ್ತಂಭನಾ? ಈ ಊರಲ್ಲಿ ಇಲ್ಲ, ಅಮ್ಮಾ. ಇಲ್ಲಿ ಇರಲೇ ಇಲ್ಲ."

ಅವಳು ನನ್ನ ಕಡೆ ತಿರುಗಲಿಲ್ಲ. "ಹಂಗಾರ ನದಿ ಸಮುದ್ರಕ್ಕ ಸೇರೂ ಕಡೆ ಬಿಡ್ರಿ," ಎಂದು ಹತ್ತಿ ಕುಳಿತಳು. ನಾನು ಗಡಿಯಾರ ನೋಡಿಕೊಂಡೆ, ಕರವಸ್ತ್ರ ತೆಗೆದು ಮತ್ತೆ ಕಿಸೆಗೆ ಹಾಕಿದೆ, ಮತ್ತೆ ಗಡಿಯಾರ ನೋಡಿದೆ.

ಅಲ್ಲಿ ನದಿಯ ಪಕ್ಕ ಕಲ್ಲಿನ ಕಟ್ಟೆ ಇತ್ತು. ಒಂದು ಗುಡ್ಡ ಸಮುದ್ರವನ್ನು ಮರೆ ಮಾಡಿತ್ತು. ಅವಳು ಕಟ್ಟೆಯ ಮೇಲೆ ಕುಳಿತಳು. ನಾನು ನಿಂತೇ ಇದ್ದೆ. ನಿಂತೇ ಎಲ್ಲ ಹೇಳಿದೆ. ದೀಪಸ್ತಂಭ ಸುಳ್ಳು, ದೋಣಿ ಸುಳ್ಳು, ಬಂಡೆ ಯಾರೋ ಹೇಳಿದ್ದು, ಅಜ್ಜಿ ಇರಲೇ ಇಲ್ಲ.

ಅವಳು ನಕ್ಕುಬಿಡುತ್ತಾಳೆ ಎಂದು ಒಳಗೊಳಗೆ ಆಸೆಯಿತ್ತು. ನಗಲಿಲ್ಲ.

"ಓಣ್ಯಾಗ ಎಲ್ಲಾರಿಗೂ ಹೇಳೇನಿ ನಾನು," ಎಂದಳು. "ನಮ್ಮ ತಂಗಿ ಮಕ್ಕಳಿಗೆ ಹೇಳೇನಿ. ನೀವು ಬರೂ ದಿನ ಕೇಳೂದಕ್ಕಂತ ಕೆಲಸ ಮುಗಿಸಿ ಕುಂದರತಿದ್ದೆ. ನೋಡಿಲ್ಲಂತ ಅಂದಿದ್ರ ನಾ ಏನು ಬೈತಿದ್ನೇನು?"

ಕಟ್ಟೆಯ ಈ ತುದಿಯಿಂದ ಆ ತುದಿಗೆ ನಾಲ್ಕೈದು ಸಲ ನಡೆದೆ. ಕೊನೆಗೆ ಅವಳೇ ಕೇಳಿದಳು:

"ಮತ್ತ ಹನ್ನೊಂದು ವರ್ಷ ಈ ಊರಾಗ ಏನು ನೋಡಿದ್ರಿ?"

"ಬಸ್ ಸ್ಟ್ಯಾಂಡ್."

"ಅದನ್ನರ ತೋರಸ್ರಿ."

ಮತ್ತೆ ಊರೊಳಕ್ಕೆ ಬಂದೆವು. ನಿಲ್ದಾಣದ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗಿದ್ದ ಚಾಲಕನಿಗೆ ನನ್ನ ಪರಿಚಯ ಹೇಳಿದಾಗ ಎದ್ದು ಜಾಗ ಕೊಟ್ಟ. ನನ್ನ ಮೂಲೆ ತೋರಿಸಿದೆ. ಮಳೆಗಾಲದಲ್ಲಿ ಅಲ್ಲಿ ಗೋಡೆ ಒದ್ದೆಯಾಗಿರುತ್ತಿತ್ತು, ಹಾಸಿಗೆಯನ್ನು ನಡುವಿಗೆ ಎಳೆದುಕೊಳ್ಳುತ್ತಿದ್ದೆ. ಹೊರಗೆ ನಲ್ಲಿ. ಸಮುದ್ರದ ಗಾಳಿಗೆ ಬಸ್ಸಿನ ಮುಂದಿನ ಗಾಜು ಜಿಗುಟಾಗಿರುತ್ತಿತ್ತು. ನಸುಕಿನಲ್ಲಿ ಈ ನಲ್ಲಿಯಿಂದ ಬಕೆಟ್ ತುಂಬಿಕೊಂಡು ತೊಳೆಯುತ್ತಿದ್ದೆ ಎಂದೆ. ಅವಳು ಎಲ್ಲವನ್ನೂ ಸಾವಕಾಶ ನೋಡಿದಳು. ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು.

"ಸಮುದ್ರಕ್ಕ ಯಾಕ ಹೋಗಲಿಲ್ಲ?" ಈಗ ದನಿಯಲ್ಲಿ ಸಿಟ್ಟಿರಲಿಲ್ಲ.

"ಬಸ್ಸು ಬಿಟ್ಟು ದೂರ ಹೋದ್ರ ಜೀವಕ್ಕ ಸಮಾಧಾನ ಇರತಿರಲಿಲ್ಲ. ತಡಾ ಆದೀತು, ಯಾರರ ಕಾಯ್ತಿರಬೇಕು ಅನಸ್ತಿತ್ತು." ಹೇಳುವವರೆಗೆ ನನಗೂ ಅದು ಇಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ.

ಸಂಜೆ ದಾರಿ ಕೇಳಿಕೊಂಡು ಇಬ್ಬರೂ ಸಮುದ್ರಕ್ಕೆ ಹೋದೆವು. ತೆಂಗಿನ ತೋಟದ ಸಂದಿಯಿಂದ ಹೊರಬಿದ್ದ ಕೂಡಲೇ ಅದು ಎದುರಿಗಿತ್ತು. ಅವಳು "ಎಪ್ಪಾ!" ಎಂದು ನನ್ನ ತೋಳು ಹಿಡಿದಳು. ಅಷ್ಟು ವರ್ಷ ನಾನು ವರ್ಣಿಸಿದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಒಂದು ಕ್ಷಣವೂ ನಿಲ್ಲದ ನೀರು. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಮೊಣಕಾಲವರೆಗೆ ಇಳಿದಳು. ಅಲೆ ಹಿಂದೆ ಸರಿದಾಗ ಕಾಲ ಕೆಳಗಿನ ಮರಳು ಜಾರಿದ್ದಕ್ಕೆ ಕೂಗಿಕೊಂಡಳು, ಆಮೇಲೆ ಮತ್ತೆ ಅದೇ ಬೇಕೆಂದು ನಿಂತಳು. ನಾನು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ದಂಡೆಯ ಉದ್ದಕ್ಕೂ ಓಡಾಡಿದೆ. ಎರಡು ಸಲ ಹೊರಡೋಣ ಎಂದೆ. ಅವಳಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿದರೂ ಬರಲಿಲ್ಲ. ಮೂರನೆಯ ಸಲ ನಾನೇ ನೀರಿಗಿಳಿದೆ.

ಮರುದಿನ ಊರಿಗೆ ಹೊರಟೆವು. ಅವಳು ಕಲಘಟಗಿಯವರೆಗೆ ಕಿಟಕಿಗೆ ಒರಗಿ ನಿದ್ದೆ ಮಾಡಿದಳು. ಎಚ್ಚರವಾದ ಮೇಲೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಕೇಳಿದಳು:

"ಪಂಢರಪುರದ ಗಾಡಿನೂ ಹೊಡೀತಿದ್ರಲ್ಲ. ಅಲ್ಲಿ ಚಂದ್ರಭಾಗಾದಾಗ ಮುಳುಗಿ ದರ್ಶನ ಮಾಡಿದ್ದು ಖರೇನೋ?"

"ಇಲ್ಲ," ಎಂದೆ.

"ಸೊಲ್ಲಾಪುರದ ಕೋಟೆ?"

"ಹೊರಗಿಂದ ನೋಡೇನಿ. ಬಸ್ಸಿನಾಗಿಂದ."

ಅವಳು ತಲೆಯಾಡಿಸಿದಳು. ಬೆರಳು ಮಡಚಲು ಶುರುಮಾಡಿ, ಅರ್ಧಕ್ಕೆ ಬಿಟ್ಟು, "ಜ್ವಾಳದ ರಾಶಿ ಮುಗಿದ ಮ್ಯಾಲ ಹೋಗೂಣು," ಎಂದಳು.