ಅತ್ತೆಯ ಕಾಲಳತೆಯ ಚಪ್ಪಲಿ

ಬೆಳಗಾವಿಯ ಹೊರಗೆ, ಹೆದ್ದಾರಿ ಬದಿಯ ಮಾಲ್‌ಗೆ ಮೊನ್ನೆ ಸೋದರತ್ತೆಯನ್ನು ಕರೆದೊಯ್ದಿದ್ದೆ. ಪೋಲಿಯೊದಿಂದಾಗಿ ಅವಳ ಬಲಪಾದ ಎಡಪಾದಕ್ಕಿಂತ ಸಣ್ಣದು. ಎರಡು ಅಳತೆ ಬೇಕೆಂದಾಗ ಚಪ್ಪಲಿ ಮಾರುವವಳು ಅವಳ ಕಾಲನ್ನೂ ನೋಡದೆ, "ಎರಡು ಜೋಡಿ ತಗೋರಿ ಮೇಡಂ," ಎಂದು ಮೊಬೈಲಿಗೆ ಮರಳಿದಳು. ದನದ ಸಂತೆ ಹಿಡಿಸುವಷ್ಟು ಜಾಗ, ಕೂತು ಹಾಕಿ ನೋಡಲು ಒಂದು ಸ್ಟೂಲಿಲ್ಲ. ಹೊಸ ಚರ್ಮದ ವಾಸನೆಯೊಂದೇ ಅಲ್ಲಿ ಖರೆ ಇತ್ತು. ಅದು ನನ್ನನ್ನು ಬಾಲ್ಯದ ಖಾನಾಪುರದ ಪೇಟೆಗೆ ಒಯ್ದಿತು.

ಶಿವಪ್ಪನ ಚಪ್ಪಲಿ ಅಂಗಡಿ ನಮ್ಮ ಅಡುಗೆಮನೆಗಿಂತ ಚಿಕ್ಕದು. ಇನ್ನೇನು ಕಾಲೇಜು ಸೇರಲಿದ್ದ ಅತ್ತೆ ಪಾದವನ್ನು ಲಂಗದೊಳಗೆ ಎಳೆದುಕೊಂಡು ಕುಳಿತಿದ್ದಳು. ಅಜ್ಜಿ ಸಂಕೋಚದಿಂದ, "ದೊಡ್ಡದ ಕೊಡ್ರಿ, ಅರಿವಿ ತುರುಕಿ ಹಾಕ್ಕೋತಾಳ," ಎಂದಳು.

"ಯಾಕ ತುರುಕೂದು?" ಎಂದ ಶಿವಪ್ಪ ನೆಲಕ್ಕೆ ಕುಳಿತು ಎರಡೂ ಪಾದಗಳನ್ನು ಅಳೆದ. ಒಂದು ಡಬ್ಬಿಯಿಂದ ಎಡದ್ದು, ಇನ್ನೊಂದರಿಂದ ಬಲದ್ದು ತೆಗೆದು ತೊಡಿಸಿದ.

"ಉಳದದ್ದು ಏನ್ ಮಾಡ್ತೀರಿ?" ಎಂದು ಅಜ್ಜಿ ಕೇಳಿದಳು.

"ಪಾರಿಶ್ವಾಡದಾಗ ಒಬ್ಬಾಕಿ ಅದಾಳ್ರಿ. ಆಕೀದು ಎಡಗಾಲು ಸಣ್ಣದು."

ಅಂದು ಅತ್ತೆ ಪೇಟೆಯ ನಟ್ಟನಡುವೆ ನಡೆದು ಮನೆಗೆ ಬಂದಳು. ಮುಂದೆ ಎಷ್ಟೋ ವರ್ಷ ಅವಳೂ ಆ ಪಾರಿಶ್ವಾಡದವಳೂ ಒಬ್ಬರ ಮುಖ ಒಬ್ಬರು ಕಾಣದೆಯೇ ಹೀಗೆ ಚಪ್ಪಲಿ ಹಂಚಿಕೊಂಡರು.

ಮಾಲ್‌ನವಳು ಕೊನೆಗೂ ತಲೆಯೆತ್ತಿ, "ಬಿಲ್ ಮಾಡ್ಲ್ಯಾ?" ಎಂದಳು.

"ಬ್ಯಾಡವ್ವಾ," ಎಂದು ಅತ್ತೆ ನನ್ನ ತೋಳು ಹಿಡಿದಳು. "ನಿಮ್ಮಲ್ಲಿ ಚಪ್ಪಲಿ ರಗಡ ಅದಾವ. ಅಂಗಡಿಯವರೇ ಇಲ್ಲ."