ಬಣ್ಣದ ಕೈಯ ತಿಪ್ಪಕ್ಕ

ಸುಳ್ಳು ಎಲ್ಲಿಂದಲೋ ಬಂತು. ಆದರೆ ನಮ್ಮ ಓಣಿಯಲ್ಲಿ ಅದನ್ನು ಮನೆಮನೆಗೆ ಹೊತ್ತು ತಿರುಗಿದವಳು ನಾನು. ಬೇರೆ ಯಾರ ಹೆಸರನ್ನೂ ಹೇಳಬೇಕಾಗಿಲ್ಲ. ಅದನ್ನು ಹಿಡಿದು ನಿಲ್ಲಿಸಿದವಳು ತಿಪ್ಪಕ್ಕ.

ತಿಪ್ಪಕ್ಕನ ಎರಡೂ ಕೈ ಮೊಣಕೈವರೆಗೆ ಬಣ್ಣ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ನಾವೆಲ್ಲ ಸೀರೆ ನೇಯುವವರು, ಅವಳು ನಮ್ಮ ನೂಲಿಗೆ ಬಣ್ಣ ಹಾಕುವವಳು. ಒಂದು ದಿನ ಕೈ ಕೆಂಪು, ಒಂದು ದಿನ ಹಸಿರು, ಉಗುರಿನ ಸಂದಿಯಲ್ಲಿ ಮಾತ್ರ ಯಾವಾಗಲೂ ಕಪ್ಪು. ಅವಳು ತೀರಿಕೊಂಡಾಗ ಮೈ ತೊಳೆದವರಲ್ಲಿ ನಾನೂ ಒಬ್ಬಳು. ಸೀಗೆಪುಡಿ ಹಾಕಿ ತಿಕ್ಕಿದೆವು, ಹೋಗಲಿಲ್ಲ. ಹಾಗೇ ಕಳಿಸಿದೆವು.

ಬಣ್ಣ ಹಾಕಿದ ನೂಲನ್ನು ಅವಳು ಸುಮ್ಮನೆ ಕೊಡುತ್ತಿರಲಿಲ್ಲ. ಬಿಳಿ ಅರಿವೆಯ ತುಂಡು ನೆನೆಸಿ ನೂಲಿನ ಮೇಲೆ ಉಜ್ಜುತ್ತಿದ್ದಳು. ಅರಿವೆಗೆ ಬಣ್ಣ ಬಂದರೆ ಕಚ್ಚಾ, ಬಾರದಿದ್ದರೆ ಪಕ್ಕಾ. ಮನುಷ್ಯರಿಗೂ ಅದೇ ಲೆಕ್ಕ. ನನ್ನ ಮಗಳಿಗೆ ನರಗುಂದದಿಂದ ಒಂದು ಸಂಬಂಧ ಬಂದಿತ್ತು. ಹುಡುಗನದು ಸ್ವಂತ ಕಿರಾಣಿ ಅಂಗಡಿ ಎಂದರು, ನಾನು ಹೂಂ ಅಂದುಬಿಟ್ಟೆ. ತಿಪ್ಪಕ್ಕ ನನಗೂ ಹೇಳದೆ ಬಸ್ಸು ಹತ್ತಿ ಹೋಗಿ, ಆ ಅಂಗಡಿಯಲ್ಲಿ ಅರ್ಧ ಕಿಲೋ ಬೆಲ್ಲ ಕೊಂಡು ಬಂದಳು.

"ಬೆಲ್ಲ ಚಲೋ ಐತಿ, ಅಂಗಡಿನೂ ಚಲೋ ಐತಿ" ಅಂದಳು. "ಹುಡುಗ ಅಲ್ಲಿ ತೂಕ ಹಾಕೋ ಆಳು. ಆಳಾಗಿದ್ದರ ತಪ್ಪಿಲ್ಲ ಸಂಗವ್ವ, ಅಂಗಡಿ ನಂದ ಅಂದದ್ದು ಕಚ್ಚಾ."

ಸಂಬಂಧ ಬಿಟ್ಟೆವು. ಬೆಲ್ಲ ತಿಂದೆವು.

ಇನ್ನು ಆ ಓಟಿನ ಮಾತು. ಮತದಾನಕ್ಕೆ ಎರಡು ದಿನ ಇರುವಾಗ ನನ್ನ ಸೊಸೆಯ ಫೋನಿಗೆ ರೆಕಾರ್ಡ್ ಮಾಡಿದ ಒಂದು ದನಿ ಬಂತು. ಹೆಂಗಸಿನ ದನಿ, ನಮ್ಮದೇ ಮಾತು. "ಅಕ್ಕಂದಿರ, ಈ ಸಲದ ಶಾಯಿ ಬ್ಯಾರೆ ಐತಿ. ಬೆರಳಿಗೆ ಹಚ್ಚಿಸ್ಕೊಂಡ್ರ ಆರು ತಿಂಗಳ ರೇಷನ್ ಮಷಿನ್ ನಿಮ್ಮ ಹೆಬ್ಬಟ್ಟ ತಗೊಳ್ಳಂಗಿಲ್ಲ. ಅಕ್ಕಿ ಇಲ್ಲ, ಸರಕಾರದ ಪಗಾರ ಇಲ್ಲ."

ಓದಿದವರು ನಗಬಹುದು. ಶಾಯಿ ಹಚ್ಚುವುದು ತೋರುಬೆರಳಿಗೆ, ಮಷಿನ್ನಿಗೆ ಒತ್ತುವುದು ಹೆಬ್ಬೆರಳು. ಆದರೆ ಎಳೆ ಹಿಡಿದು ಹಿಡಿದು ನಮ್ಮ ಬೆರಳಿನ ಗೆರೆಗಳು ಸವೆದಿವೆ. ಮಷಿನ್ನು ತಗೊಳ್ಳದೆ ನಾನೇ ಎರಡು ಸಲ ಖಾಲಿ ಚೀಲ ಹಿಡಿದು ಮನೆಗೆ ಬಂದವಳು. ಹೆದರಿದವಳಿಗೆ ಯಾವ ಬೆರಳಾದರೇನು. ಆ ದಿನವೇ ಹನ್ನೊಂದು ಮನೆಗೆ ಹೋಗಿ ಹೇಳಿದೆ. ಓಣಿಯ ಹೆಂಗಸರೆಲ್ಲ ಈ ಸಲ ಓಟು ಬೇಡ ಅಂದರು. ಫೋನು ಹೇಳಿತೆಂದು ಯಾರೂ ನಂಬಲಿಲ್ಲ, ಸಂಗವ್ವ ಹೇಳಿದಳೆಂದು ನಂಬಿದರು.

ಮರುದಿನ ಅದು ತಿಪ್ಪಕ್ಕನ ಕಿವಿಗೆ ಬಿತ್ತು. ಕುದಿಯುವ ಹಂಡೆ ಬಿಟ್ಟು, ಹಸಿ ನೀಲಿ ಕೈಯಲ್ಲೇ ನೆಟ್ಟಗೆ ರೇಷನ್ ಅಂಗಡಿಗೆ ಬಂದಳು. ಸರದಿಯಲ್ಲಿ ನಾವೆಲ್ಲ ನಿಂತಿದ್ದೆವು. ತಾನು ಮುಂದೆ ಹೋಗಿ ಹೆಬ್ಬೆರಳು ಒತ್ತಿದಳು. ಮಷಿನ್ನು ತಗೊಳ್ಳಲಿಲ್ಲ.

"ನೋಡ್ದಿ?" ಅಂದೆ ನಾನು.

"ಬೆರಳ ಹಸಿ ಐತಿ. ತಡಿ." ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ತಗೊಂಡಿತು. ಅಂಗಡಿಯವನು ಅಕ್ಕಿ ತೂಗತೊಡಗಿದ. ತಿಪ್ಪಕ್ಕ ಆ ನೀಲಿ ಕೈ ಎತ್ತಿ ಎಲ್ಲರಿಗೂ ತೋರಿಸಿದಳು. "ನಲವತ್ತ ವರ್ಷದ ಬಣ್ಣ ಇದು. ಇದನ್ನ ತಗೊಂಡ ಮಷಿನ್ ಒಂದ ಗೆರಿ ಶಾಯಿಗೆ ಹೆದರತೈತೇನು? ಯಾರ ಹೇಳಿದ್ರು ನಿಮಗ?"

ಎಲ್ಲರೂ ನನ್ನ ಕಡೆ ನೋಡಿದರು.

"ನಿನಗ ಯಾರ ಹೇಳಿದ್ರು?"

"ಫೋನಿಗೆ ಬಂದಿತ್ತಕ್ಕಾ."

"ಫೋನಿಗೆ ಅವ್ವ ಅಪ್ಪ ಇಲ್ಲೇನು?"

ನನ್ನ ಸೊಸೆಯನ್ನು ಕೂರಿಸಿಕೊಂಡು ಹುಡುಕಿಸಿದಳು. ಸೊಸೆಗೆ ಕಳಿಸಿದವಳು ಅಸೂಟಿಯ ಅವಳ ಚಿಕ್ಕಮ್ಮ. ಚಿಕ್ಕಮ್ಮನಿಗೆ ಫೋನಿನ ಒಂದು ಗುಂಪಿನಿಂದ ಬಂದಿತ್ತು. ಆ ಗುಂಪಿಗೆ ಹಾಕಿದವನ ನಂಬರನ್ನು ಚಿಕ್ಕಮ್ಮ ಕಳಿಸಿಕೊಟ್ಟಳು. ಮತದಾರರ ಚೀಟಿ ಹಂಚಲು ಓಣಿಗೆ ಬಂದಿದ್ದ ಮೇಷ್ಟ್ರು ಅದನ್ನು ನೋಡಿ, "ಇದು ನಮ್ಮ ದೇಶದ ನಂಬರ್ ಅಲ್ರಿ" ಅಂದರು. ಮೇಲಿನವರಿಗೆ ತಿಳಿಸುತ್ತೇನೆ ಎಂದು ಬರೆದುಕೊಂಡರು. ಅವನು ಯಾರು, ಯಾಕೆ ಕಳಿಸಿದ, ಇವತ್ತಿಗೂ ನನಗೆ ಗೊತ್ತಿಲ್ಲ.

"ಎಲ್ಲೋ ಪರದೇಶದಾಗ ಕುಂತಾಂವಗ ನಮ್ಮ ಅಕ್ಕಿ ಚಿಂತಿ ಯಾಕ?" ಅಂದೆ.

"ಅಂವಗ ನಮ್ಮ ಓಣಿ ಹೆಸರೂ ಗೊತ್ತಿಲ್ಲ" ಅಂದಳು ತಿಪ್ಪಕ್ಕ. "ಅವನ ಸುಳ್ಳಿಗೆ ಕಾಲಿದ್ದಿಲ್ಲ. ನೀ ಕೊಟ್ಟಿ."

ಹನ್ನೊಂದು ಮನೆಯಲ್ಲಿ ಹತ್ತು ಮನೆಯವರು ಅಂಗಡಿಯ ಮುಂದೆ ಕಣ್ಣಾರೆ ಕಂಡಿದ್ದರು. ತಿಪ್ಪಕ್ಕ ಒಬ್ಬೊಬ್ಬರ ಮುಖ ನೋಡಿ, "ಕಾಶವ್ವ ಎಲ್ಲಿ?" ಅಂದಳು.

ಕಾಶವ್ವ ಬೆಳಗ್ಗೆಯೇ ಬೆಳವಣಕಿಯ ಮಗಳ ಮನೆಗೆ ಹೋಗಿದ್ದಳು. ಗಂಡ ಇಲ್ಲದವಳು, ಸರಕಾರ ಕೊಡುವ ವಿಧವಾ ವೇತನ, ಆ ತಿಂಗಳ ಪಗಾರದ ಮೇಲೆ ಬದುಕುವವಳು. ಊರಲ್ಲಿದ್ದರೆ ಓಟಿಗೆ ಕರೆಯಲು ಬರುತ್ತಾರೆ, ಹೋದರೆ ಪಗಾರ ನಿಲ್ಲುತ್ತದೆ ಎಂದು ಊರೇ ಬಿಟ್ಟಿದ್ದಳು. ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ ಅವಳು. ಮನೆಯಲ್ಲಿ ಅಕ್ಕಿ ಇಲ್ಲದ ದಿನವೂ ತೊಳೆದ ಸೀರೆ ಉಟ್ಟು ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದಳು.

"ಮಗಳಿಗೆ ಫೋನ್ ಮಾಡಿ ಹೇಳಸ್ತೀನಿ" ಅಂದೆ.

"ಫೋನಿನ ಮಾತ ನಂಬೇ ಹೋಗ್ಯಾಳ" ಅಂದಳು. "ಇನ್ನೊಂದ ಫೋನ್ ಬಂದ್ರ ಯಾವುದು ಖರೇ ಅಂತ ತಿಳ್ಕೋಬೇಕ ಆಕಿ?"

ಅಷ್ಟು ಹೇಳಿ ಹಂಡೆ ಆರುತ್ತದೆಂದು ಹೋದಳು. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಆಡುತ್ತಿದ್ದೆ. ಬೈಯಲಿಲ್ಲ.

ಮರುದಿನ ಮತದಾನ. ಬೆಳಗ್ಗೆ ಮೊದಲ ಬಸ್ಸಿಗೆ ರೋಣಕ್ಕೆ ಹೋದೆ, ಅಲ್ಲಿ ಬಸ್ಸು ಬದಲಿಸಿ ಬೆಳವಣಕಿಯಲ್ಲಿ ಇಳಿದೆ. ಕಾಶವ್ವ ಮಗಳ ಮನೆಯ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟಳು.

"ಯಾರರ ಸತ್ತರೇನ?"

"ಯಾರೂ ಸತ್ತಿಲ್ಲ. ಮೊನ್ನಿ ನಾ ಹೇಳಿದ್ದು ಸುಳ್ಳ. ಯಾರ ಹೇಳಿದ್ದಂತ ಕೇಳಲಾರದ ಹೇಳಿದ್ದೆ. ಏಳ, ಸೀರಿ ಬದಲ ಮಾಡು. ತಿರುಗಿ ಹೋಗೋ ಬಸ್ ನಿಂತೈತಿ."

ಅವಳು ನನ್ನನ್ನೇ ನೋಡಿದಳು. "ಇದನ್ನರ ಯಾರ ಹೇಳಿದ್ರು ನಿನಗ?"

"ತಿಪ್ಪಕ್ಕ ಮಷಿನ್ನಿಗೆ ಹೆಬ್ಬಟ್ಟ ಕೊಟ್ಟಳು. ನನ್ನ ಕಣ್ಣಿಲೆ ನೋಡೀನಿ."

ಕಾಶವ್ವ ಎದ್ದು ಒಳಗೆ ಹೋಗಿ ಟ್ರಂಕು ತೆಗೆದಳು. ಅವಳು ಸೀರೆ ಉಡುವವರೆಗೆ ನಾನು ಬಸ್ಸಿನ ಬಾಗಿಲಿಗೆ ಅಡ್ಡ ನಿಂತೆ. ಕಂಡಕ್ಟರ್ ಬೈದ. ಬೈಸಿಕೊಂಡೆ.